ಬೇಸಿನ್ ಸಾಲಿನ ಕಣ್ಣುಹನಿ

ಬಲಗಣ್ಣಿನ ನೋಟ ಕಳೆದುಕೊಂಡವಳು ನನ್ನ ಚಿಕ್ಕಮ್ಮ. ವೈದ್ಯರ ಚೀಟಿ ಕೇಳದೆ ಅವಳಿಗೆ ಕಣ್ಣುಹನಿಯನ್ನು ಮಾರಿದವರು ಏನನ್ನೂ ಕಳೆದುಕೊಳ್ಳಲಿಲ್ಲ. ಹಾಗೆ ಮಾರದಂತೆ ನೋಡಿಕೊಳ್ಳಲೆಂದೇ ಸಂಬಳ ಪಡೆಯುವವರೂ ಏನನ್ನೂ ಕಳೆದುಕೊಳ್ಳಲಿಲ್ಲ. ಅವಳಿಗೆ ಬಾರದ ಭಾಷೆಯಲ್ಲಿ, ಯಾರಿಗೂ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ಬಾಟಲಿನ ಮೇಲೆ ಎಚ್ಚರಿಕೆಯನ್ನು ಅಚ್ಚು ಹಾಕಿಸಿದವರು ತಮ್ಮ ಕರ್ತವ್ಯ ಮುಗಿಯಿತೆಂದೇ ಇವತ್ತಿಗೂ ನಂಬಿದ್ದಾರೆ. ಈ ಬರಹವನ್ನು ಸಿಟ್ಟಿನಿಂದ ಆರಂಭಿಸುತ್ತಿದ್ದೇನೆ. ಆದರೆ ಆ ವರ್ಷವನ್ನು ನೆನೆದಾಗ ನನ್ನನ್ನು ಆವರಿಸುವುದು ಸಿಟ್ಟಿಗಿಂತ ಹೆಚ್ಚಾಗಿ ಬೆರಗು. ಕಣ್ಣೆಂದರೆ ಏನು, ಒಂದು ಹನಿಯೆಂದರೆ ಎಷ್ಟು ಎಂಬುದನ್ನು ನಾನು ತಿಳಿದದ್ದು ಆಗಲೇ.

ಚಿಕ್ಕಮ್ಮ ನನ್ನ ತಾಯಿಯ ತಂಗಿ, ಮೇಲೂರಿನಲ್ಲಿ ಮನೆ. ಹಿಪ್ಪುನೇರಳೆ ತೋಟವನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಾರೆ. ಅವಳು ಬೆಳಗಿನ ಬಸ್ಸಿಗೆ ಶಿಡ್ಲಘಟ್ಟಕ್ಕೆ ಬಂದು ರೇಷ್ಮೆ ನೂಲು ಬಿಚ್ಚುವ ಒಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಾಳೆ. ನಾನು ಚಿಂತಾಮಣಿಯಲ್ಲಿ ಪಾಠ ಹೇಳುವವಳು. ರಜೆ ಸಿಕ್ಕಿದರೆ ಶಿಡ್ಲಘಟ್ಟದಲ್ಲಿ ಇಳಿದು, ಅವಳ ಶೆಡ್ಡಿನ ಬಾಗಿಲಲ್ಲಿ ಕೂತಿದ್ದು, ಸಂಜೆ ಅವಳ ಜೊತೆಗೇ ಮೇಲೂರಿಗೆ ಹೋಗುವುದು ನನ್ನ ರೂಢಿ.

ಆ ಶೆಡ್ಡಿನೊಳಗೆ ಹೆಂಗಸರು ಸಾಲಾಗಿ ಬೇಸಿನ್‌ಗಳ ಮುಂದೆ ಕೂರುತ್ತಾರೆ. ಬೇಸಿನ್ನಿನಲ್ಲಿ ಕುದಿಯುವ ನೀರು, ನೀರಿನಲ್ಲಿ ಬೆಂದ ರೇಷ್ಮೆಗೂಡುಗಳು, ಮೇಲೆ ಸತ್ತ ಹುಳುವಿನ ವಾಸನೆ ಹೊತ್ತ ಹಬೆ. ಆ ಹಬೆಯೊಳಗೆ ಮುಖವಿಟ್ಟು ಅವರು ಗೂಡಿನ ಎಳೆಯ ತುದಿ ಹುಡುಕುತ್ತಾರೆ. ಒಂಟಿ ಎಳೆ ನನ್ನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಚಿಕ್ಕಮ್ಮ ಹಿಡಿದು ತೋರಿಸಿ, "ಇದೋ, ಇಲ್ಲೈತಲ್ಲ" ಎಂದರೆ ಅವಳ ಎರಡು ಬೆರಳ ನಡುವೆ ನನಗೆ ಕಾಣುತ್ತಿದ್ದದ್ದು ಬರೀ ಗಾಳಿ. ಒಂದು ಗೂಡಿನಲ್ಲಿ ಸುತ್ತಿಕೊಂಡಿರುವ ಆ ಒಂದೇ ಎಳೆಯನ್ನು ಬಿಚ್ಚಿ ಹಾಸಿದರೆ ಊರಿನ ಹೊರಗಿನವರೆಗೆ ಹೋದೀತು. ಅಷ್ಟು ಉದ್ದದ್ದನ್ನು, ಅಷ್ಟು ತೆಳುವಾದದ್ದನ್ನು, ಕುದಿಯುವ ನೀರಿನ ಮೇಲೆ, ಕಣ್ಣಲ್ಲಿ ನೀರು ಸುರಿಯುತ್ತಿರುವಾಗ ಕಂಡುಹಿಡಿಯುವ ನೋಟವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾಡಿನವರೆಲ್ಲ ಮದುವೆಗೆ ಉಡುವ ಸೀರೆ ಆ ನೋಟದಿಂದಲೇ ಹುಟ್ಟುತ್ತದೆ. ಆ ಕಣ್ಣುಗಳನ್ನು ಹಬೆಯಿಂದ ಕಾಪಾಡಲು ಶೆಡ್ಡಿನಲ್ಲಿ ಒಂದು ಗಾಳಿಯಂತ್ರವೂ ಇರಲಿಲ್ಲ. ಅದು ಮೊದಲ ಅನ್ಯಾಯ. ಉಳಿದ ಅನ್ಯಾಯಗಳೆಲ್ಲ ಅದರ ಬೆನ್ನಿಗೆ ಬಂದವು.

ಗಾಳಿಯಂತ್ರದ ಬದಲು ಇದ್ದದ್ದು ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲು, ಅದರಲ್ಲಿ ಕಣ್ಣಿಗೆ ಹಾಕುವ ಹನಿ. ಬೆಳಗ್ಗೆ ಕೆಲಸ ಆರಂಭವಾಗುತ್ತಿದ್ದಂತೆ ಸಾಲಿನ ಮೊದಲಿನವಳು ಹಾಕಿಕೊಂಡು ಪಕ್ಕದವಳಿಗೆ ಕೊಡುತ್ತಿದ್ದಳು, ಅವಳು ತನ್ನ ಪಕ್ಕದವಳಿಗೆ. ವೀಳ್ಯದೆಲೆ ಕೊಟ್ಟ ಹಾಗೆ. ಬಂದದ್ದನ್ನು ಬೇಡವೆನ್ನುವುದು, ಮುಂದಿನವಳಿಗೆ ಕೊಡದಿರುವುದು ಎರಡೂ ಅವಮಾನ. ಹೊರಗಿನವರು ಯಾರೂ ಊಹಿಸಲಾರದ ತಪ್ಪುಗಳು ಆ ಬಾಟಲಿನ ಸುತ್ತ ಬೆಳೆದಿದ್ದವು. ತಣ್ಣನೆಯ ಹನಿ ಬಿದ್ದರೆ ಕಣ್ಣು ಬೆಚ್ಚುತ್ತದೆಂದು ಅದನ್ನು ಒಲೆಯ ಮೇಲಿನ ಕಿಟಕಿಯಲ್ಲಿ ಬೆಚ್ಚಗಿಡುತ್ತಿದ್ದರು. ಮೂತಿಯ ತೂತು ಸಣ್ಣದಾಯಿತೆಂದು, ಗೂಡು ಕುಯ್ದು ನೋಡುವ ಬ್ಲೇಡಿನಿಂದ ಅದನ್ನು ದೊಡ್ಡದು ಮಾಡುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾದದ್ದು ಇನ್ನೊಂದು: ಬಿಸಿನೀರಲ್ಲಿ ನೆನೆದು ನೆನೆದು ಅವರ ಬೆರಳ ತುದಿಗಳಿಗೆ ಸ್ಪರ್ಶವೇ ಉಳಿದಿರಲಿಲ್ಲ. ಬಾಟಲು ಎಲ್ಲಿದೆಯೆಂದು ಕೈಗೆ ತಿಳಿಯದೆ, ಮೂತಿಯನ್ನು ಕಣ್ಣಿನ ಅಂಚಿಗೇ ಒತ್ತಿ ಹಿಡಿದು ಆಮೇಲೆ ಹಿಂಡುತ್ತಿದ್ದರು. ಒಬ್ಬಳ ಕಣ್ಣಿನ ಪಿಚ್ಚು ಮುಂದಿನವಳ ಕಣ್ಣಿಗೆ ಹೋಗುತ್ತಿದ್ದದ್ದು ಹೀಗೆ. ಸಾಲಿನಲ್ಲಿ ಒಬ್ಬರಿಗೆ ಕಣ್ಣುಬೇನೆ ಬಂದರೆ ಎಲ್ಲರಿಗೂ ಬರುತ್ತಿತ್ತು. ಎಲ್ಲರೂ ಹಬೆಯನ್ನು ಬಯ್ಯುತ್ತಿದ್ದರು.

ಆದರೂ ಆ ಹನಿಯನ್ನು ಅವರು ಬೆರಗಿನಿಂದ ಕಾಣುತ್ತಿದ್ದರೆಂಬುದನ್ನು ಹೇಳಲೇಬೇಕು. ಕೆಂಡದಂತೆ ಕೆಂಪಗಿದ್ದ ಕಣ್ಣು ಅದು ಬಿದ್ದ ಮೇಲೆ ಹತ್ತಿಯಂತೆ ಬೆಳ್ಳಗಾಗುತ್ತಿತ್ತು. ಉರಿ ಇಳಿಯುತ್ತಿತ್ತು. ಕ್ಷಣದಲ್ಲಿ ಗಂಟಲಿಗೆ ಕಹಿ ಇಳಿಯುತ್ತಿತ್ತು. "ಆ ಕಹಿ ಬಂತು ಅಂದ್ರೆ ಮದ್ದು ಹಿಡೀತು ಅಂತ ಲೆಕ್ಕ" ಎನ್ನುತ್ತಿದ್ದವರು ಚಿಕ್ಕಮ್ಮನ ಪಕ್ಕದ ಬೇಸಿನ್ನಿನ ಹಿರಿಯ ಹೆಂಗಸು. ಅವರದು ಶಿಡ್ಲಘಟ್ಟದ ಪೇಟೆಯ ಉರ್ದು ಮಾತಿನ ಮನೆ. ಚಿಕ್ಕಮ್ಮನೂ ಸೇರಿ ಸಾಲಿನವರೆಲ್ಲರೂ ಅವರನ್ನು, ಅವರ ಮಾತಿನಲ್ಲಿ ಚಿಕ್ಕಮ್ಮ ಎಂಬರ್ಥದ ಖಾಲಾ ಎಂದೇ ಕರೆಯುತ್ತಿದ್ದರು.

ಏನೋ ಕೆಟ್ಟಿದೆಯೆಂಬುದನ್ನು ಮೊದಲು ಕಂಡವರೂ ಅವರೇ, ಅದೂ ತಮಾಷೆಯಾಗಿ. ಚಿಕ್ಕಮ್ಮ ಚಹಾ ಬಗ್ಗಿಸುವಾಗ ಲೋಟದ ಬಲಕ್ಕೆ ಸುರಿಯತೊಡಗಿದ್ದಳು.

"ಏ ಮೇಲೂರಮ್ಮ, ಚಾ ಗ್ಲಾಸಿಗೆ ಹಾಕಮ್ಮ, ನನ್ ಕಾಲಿಗಲ್ಲ! ನನ್ ಕಾಲು ಚಾ ಕುಡಿಯಲ್ಲ."

"ನಿನ್ ಕಾಲು ಆ ಕಡೆ ಚಾಚ್ಕೊಂಡಿದ್ರೆ ನಾನೇನ್ ಮಾಡ್ಲಿ ಖಾಲಾ? ಹಾಸಿಗೆ ತಂದು ಹಾಕ್ಲಾ?"

ಎಲ್ಲರೂ ನಕ್ಕರು. ಬಾಗಿಲಲ್ಲಿ ಕೂತಿದ್ದ ನಾನೂ ನಕ್ಕೆ. ಅದಾದ ಕೆಲವು ದಿನಕ್ಕೆ ಚಿಕ್ಕಮ್ಮನ ಎಡಗಣ್ಣಿಗೆ ಹುಳ ಬಿತ್ತು. ಅದನ್ನು ಮುಚ್ಚಿ ಉಜ್ಜುತ್ತ ಇನ್ನೊಂದು ಕಣ್ಣಿನಿಂದ ನೋಡಿದರೆ ಎದುರಿಗೆ ಬೇಸಿನ್ ಇಲ್ಲ, ಗೋಡೆಯಿಲ್ಲ, ಬೂದಿ ಬಣ್ಣದ ಒಂದು ಪರದೆ ಮಾತ್ರ. ಎಂದು ಹೋಯಿತೆಂದೇ ತಿಳಿಯದೆ ಒಂದು ಕಣ್ಣು ಹೋಗಿತ್ತು. ನೋವಿಲ್ಲ, ಕೆಂಪಿಲ್ಲ. ಎರಡು ಕಣ್ಣಿನವರು ಒಂದನ್ನು ಮುಚ್ಚಿ ಇನ್ನೊಂದರಿಂದ ನೋಡಬೇಕಾದ ಸಂದರ್ಭ ಎಷ್ಟು ಅಪರೂಪ!

ಅವಳನ್ನು ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ವೈದ್ಯೆ ಬಹಳ ಹೊತ್ತು ಪರೀಕ್ಷೆ ಮಾಡಿ, "ಕಣ್ಣಿಗೆ ಏನಾದರೂ ಹಾಕ್ತೀರಾ?" ಎಂದು ಕೇಳಿದರು.

"ಏನೂ ಇಲ್ಲ ಕಣಮ್ಮ. ಬರೀ ಶೆಡ್ಡಿನ ಹನಿ."

ಅದನ್ನು ಔಷಧಿಯೆಂದೇ ಅವಳು ಎಣಿಸಿರಲಿಲ್ಲ. ಶೆಡ್ಡಿನ ಕಿಟಕಿಯಿಂದ ಎತ್ತಿ ತಂದಿದ್ದ ಖಾಲಿ ಬಾಟಲನ್ನು ನಾನು ಚೀಲದಿಂದ ತೆಗೆದುಕೊಟ್ಟೆ. ವೈದ್ಯೆ ಅದನ್ನು ಬೆಳಕಿಗೆ ಹಿಡಿದು ಹೆಸರು ಓದಿ, ಕತ್ತರಿಸಿದ ಮೂತಿಯ ಮೇಲೆ ಬೆರಳಾಡಿಸಿ, ಮೇಜಿನ ಮೇಲಿಟ್ಟರು.

"ಇದು ಸ್ಟೀರಾಯ್ಡ್. ಹನಿ ಕೆಟ್ಟದ್ದಲ್ಲಮ್ಮ, ಆಪರೇಷನ್ ಆದವರಿಗೆ ನಾನೇ ಬರೀತೀನಿ. ಆದರೆ ಶುರು ಮಾಡೋ ದಿನ ಬರೆಯುವಾಗಲೇ ನಿಲ್ಲಿಸೋ ದಿನಾನೂ ಬರೀತೀನಿ. ನಿಮಗೆ ನಿಲ್ಲಿಸೋ ದಿನ ಯಾರೂ ಹೇಳಲಿಲ್ಲ."

ಆಮೇಲೆ ಅವರು ವಿವರಿಸಿದ್ದನ್ನು ನಾನು ಕಥೆಯಂತೆ ಕೇಳಿದೆ. ಕಣ್ಣಿನೊಳಗೆ ಸದಾ ತಿಳಿನೀರು ಒಸರುತ್ತಿರುತ್ತದೆ, ಕೂದಲೆಳೆಯಂಥ ದಾರಿಗಳಿಂದ ಸದಾ ಹರಿದು ಹೋಗುತ್ತಿರುತ್ತದೆ. ಒಸರಿದಷ್ಟೇ ಹರಿಯಬೇಕು. ಆ ಹನಿಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಾಕಿದರೆ ಕೆಲವರಲ್ಲಿ ಹೊರಹೋಗುವ ದಾರಿ ಕಟ್ಟಿಕೊಳ್ಳುತ್ತದೆ, ಒಳಗೆ ಒತ್ತಡ ಏರುತ್ತದೆ, ಹಿಂದಿನ ನರ ಸದ್ದಿಲ್ಲದೆ ಸಾಯುತ್ತದೆ. ನೋಟ ಅಂಚುಗಳಿಂದ ಆರಂಭಿಸಿ ಒಳಕ್ಕೆ ಸವೆಯುತ್ತ ಬರುತ್ತದೆ.

ಅವರ ಯಂತ್ರಕ್ಕೆ ವಿದ್ಯಾರ್ಥಿಗಳಿಗಾಗಿ ಇನ್ನೊಂದು ನೋಡುಕಿಂಡಿ ಜೋಡಿಸಿದ್ದರು. "ನೋಡಿ" ಎಂದು ನನ್ನನ್ನು ಕರೆದರು. ನಾನು ಕಣ್ಣಿಟ್ಟೆ. ಚಿಕ್ಕಮ್ಮನ ಎಡಗಣ್ಣು ನನ್ನ ಮುಂದೆ ಒಂದು ಊರಿನಷ್ಟು ದೊಡ್ಡದಾಗಿ ತೆರೆದುಕೊಂಡಿತು. ಮುಂದೆ ಗಾಜಿನ ಗುಮ್ಮಟ, ಅದರ ಮೇಲೆ ಬೆಳಕಿನ ಒಂದು ಸೀಳು. ಅದರ ಹಿಂದೆ ತಿಳಿನೀರಿನ ಒಂದು ಕೊಳ. ಕೊಳದ ತಳದಲ್ಲಿ ಉತ್ತ ಹೊಲದ ಸಾಲುಗಳಂತೆ, ಕಂದು ಎಳೆಗಳು ನಡುವಿನ ಕಪ್ಪು ಬಾಗಿಲ ಕಡೆಗೆ ಓಡುತ್ತಿದ್ದವು. ಬೆಳಕು ಹೆಚ್ಚಿಸಿದರೆ ಆ ಬಾಗಿಲು ತಾನಾಗಿ ಕಿರಿದಾಗುತ್ತಿತ್ತು, ತಗ್ಗಿಸಿದರೆ ಹಿರಿದಾಗುತ್ತಿತ್ತು. ನಾನು ಹುಟ್ಟಿದಂದಿನಿಂದ ನೋಡುತ್ತಿದ್ದ ಮುಖದಲ್ಲಿ ಇಂಥದ್ದೊಂದು ಇತ್ತು.

"ಏನ್ ಕಾಣ್ತದಮ್ಮಾ ಅದ್ರಾಗೆ?" ಗದ್ದವನ್ನು ಪಟ್ಟಿಯ ಮೇಲಿಟ್ಟುಕೊಂಡೇ ಚಿಕ್ಕಮ್ಮ ಕೇಳಿದಳು.

"ಚೆನ್ನಾಗಿದೆ ಚಿಕ್ಕಮ್ಮ" ಎಂದೆ.

"ಚೆನ್ನಾಗಿದ್ರೆ ಕಾಣ್ಬೇಕಲ್ಲ ಕಣೇ."

ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು. ಬಲಗಣ್ಣು ಮರಳುವುದಿಲ್ಲ. ಎಡಗಣ್ಣಿನ ಅಂಚುಗಳು ಸವೆದಿವೆ, ನಡುವಿನ ನೋಟ ಉಳಿದಿದೆ. ಶೆಡ್ಡಿನ ಹನಿ ನಿಲ್ಲಬೇಕು. ಒತ್ತಡ ಇಳಿಸುವ ಬೇರೆ ಹನಿಯನ್ನು ಪ್ರತಿ ಸಂಜೆ ಹಾಕಬೇಕು. ಸರಿಯಾಗಿ ಹಾಕಿದರೆ ಇರುವಷ್ಟು ಉಳಿಯಬಹುದು. ಹನಿ ಬರೆಯುವ ಮುಂಚೆ, ಉಬ್ಬಸವಿದೆಯೇ ಎಂದು ಕೇಳಿದರು. ಹಬೆಯಲ್ಲಿ ದುಡಿದವಳಿಗೆ ಉಬ್ಬಸವಿಲ್ಲದಿರುತ್ತದೆಯೇ? ಹಾಗಾದರೆ ಕೆಲವು ಹನಿಗಳು ಅವಳಿಗೆ ಆಗುವುದೇ ಇಲ್ಲವೆಂದರು. ಕಣ್ಣಿಗೆ ಹಾಕಿದ್ದು ಮೂಗಿಗಿಳಿದು, ರಕ್ತಕ್ಕೆ ಸೇರಿ, ಉಸಿರನ್ನೇ ಕಟ್ಟಬಲ್ಲದಂತೆ. ಕಣ್ಣಿನ ಮೂಲೆಯಿಂದ ಮೂಗಿಗೆ ಒಂದು ಕಾಲುವೆಯಿದೆ. ಖಾಲಾ ಹೇಳುತ್ತಿದ್ದ ಗಂಟಲ ಕಹಿ ಬರುತ್ತಿದ್ದದ್ದು ಅದರಲ್ಲಿ. ಮದ್ದು ಹಿಡಿಯಿತೆಂದು ಅವರೆಲ್ಲ ನಂಬಿದ್ದ ಗುರುತು, ಮದ್ದು ಕಣ್ಣಿನಲ್ಲಿ ನಿಲ್ಲದೆ ಹರಿದುಹೋಯಿತೆಂಬುದರ ಗುರುತಾಗಿತ್ತು.

"ಈಗ ನನ್ನೆದುರಿಗೇ ಹಾಕಿಕೊಂಡು ತೋರಿಸಿ" ಎಂದು ವೈದ್ಯೆ ಹೊಸ ಹನಿಯ ಬಾಟಲು ಕೊಟ್ಟರು. ಚಿಕ್ಕಮ್ಮ ತಲೆಯೆತ್ತಿ, ಮೂತಿಯನ್ನು ರೆಪ್ಪೆಗೊತ್ತಿ, ಎಷ್ಟೋ ಹನಿಗಳನ್ನು ಹಿಂಡಿ, ಪಟಪಟನೆ ಕಣ್ಣು ಬಡಿದಳು. ಔಷಧಿಯೆಲ್ಲ ಕೆನ್ನೆಯ ಮೇಲಿತ್ತು.

"ಕಣ್ಣಿಗೆ ಹಿಡಿಸೋದು ಒಂದು ಹನಿಗೂ ಕಮ್ಮಿ. ಮಿಕ್ಕಿದ್ದೆಲ್ಲ ಸೆರಗಿಗೆ."

"ಒಂದು ಹನೀಲಿ ಏನಾಗ್ತದಮ್ಮ?"

"ಒಂದು ಹನೀಲೇ ಆಗಬೇಕು. ಬೇರೆ ದಾರಿಯಿಲ್ಲ."

ಆ ಸಂಜೆಯಿಂದ ಮೇಲೂರಿನ ನಡುಮನೆಯಲ್ಲಿ ಕಲಿಕೆ ನಡೆಯಿತು. ಸೋಪಿನಿಂದ ಕೈ ತೊಳೆದು ಒರೆಸಿಕೊಳ್ಳಬೇಕು. ಚಾಪೆಯ ಮೇಲೆ ಮಲಗಿ, ಕೆಳರೆಪ್ಪೆಯನ್ನು ಒಂದು ಬೆರಳಿನಿಂದ ಕೆಳಗೆಳೆದರೆ ಅಲ್ಲೊಂದು ಪುಟ್ಟ ಜೇಬಾಗುತ್ತದೆ. ಬಾಟಲು ಹಿಡಿದ ಕೈಯನ್ನು ಹಣೆಗೆ ಆನಿಸಿದರೆ ಅದು ನಡುಗದು. ಮೂತಿ ಯಾವುದಕ್ಕೂ ತಾಗದಂತೆ ಒಂದೇ ಹನಿ ಆ ಜೇಬಿಗೆ. ಆಮೇಲೆ ಬಡಿಯದೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿಕೊಂಡಿರಬೇಕು, ಕಾಲುವೆಯ ತೂಬು ಮುಚ್ಚಿದ ಹಾಗೆ. ಹೇಳುವುದು ಸುಲಭ. ಮೊದಮೊದಲು ಹನಿ ಹುಬ್ಬಿನ ಮೇಲೆ ಬಿತ್ತು, ಕಿವಿಗೆ ಬಿತ್ತು, ಒಮ್ಮೆ ಬಾಯಿಗೂ ಬಿತ್ತು.

"ಕೊನೆಗೆ ನಾಲಿಗೆಗೇ ಕಣ್ಣು ಬರ್ತದೆ ನೋಡ್ತಿರು" ಎಂದು ಚಿಕ್ಕಪ್ಪ ನಗಾಡಿದರು.

"ನಿಮ್ಮ ನಾಲಿಗೆಗೆ ಹಾಕೋ ಹನಿ ಇದ್ರೆ ಅದನ್ನ ಬರ್ಸ್ಕೊಂಡು ಬರ್ತಿದ್ದೆ."

ಕಷ್ಟವಿದ್ದದ್ದು ಬೆರಳಿನಲ್ಲಿ. ಹನಿ ಬಿತ್ತೋ ಇಲ್ಲವೋ ತಿಳಿಯದೆ ಅವಳು ಮತ್ತೆ ಮೂತಿಯನ್ನು ಕಣ್ಣಿಗೆ ಒತ್ತುತ್ತಿದ್ದಳು. ವೈದ್ಯೆಗೆ ಫೋನ್ ಮಾಡಿ ಕೇಳಿದೆ. ಈ ಹನಿಯನ್ನು ಫ್ರಿಜ್ಜಿನಲ್ಲಿಡಬಹುದು, ಆದರೆ ಹೆಪ್ಪುಗಟ್ಟಬಾರದು ಎಂದರು. ತಣ್ಣಗಿದ್ದ ಹನಿ ಬಿದ್ದ ಕ್ಷಣ ಚಿಕ್ಕಮ್ಮ, "ಹಾಂ, ಬಿತ್ತು!" ಎಂದು ಕೂಗಿದಳು. ಬೆರಳಿಗೆ ತಿಳಿಯದ್ದು ಕಣ್ಣಿಗೇ ತಿಳಿಯಿತು. ಒಲೆಯ ಮೇಲೆ ಬೆಚ್ಚಗಿಟ್ಟು ಇಷ್ಟು ವರ್ಷ ಇವರು ಕಳೆದುಕೊಂಡಿದ್ದ ತಂಪು ಅದು. ಬಾಟಲು ತೆರೆದ ದಿನವನ್ನು ಅದರ ಮೇಲೆಯೇ ಬರೆದಿಟ್ಟೆ. ತೆರೆದು ಹೆಚ್ಚೆಂದರೆ ನಾಲ್ಕಾರು ವಾರ, ಆಮೇಲೆ ಔಷಧಿ ಉಳಿದಿದ್ದರೂ ಎಸೆಯಬೇಕು.

ನಾನು ಶಿಡ್ಲಘಟ್ಟದಲ್ಲಿ ಒಂದು ಔಷಧಿ ಅಂಗಡಿಗೂ ಹೋದೆ. ಹಳೆಯ ಖಾಲಿ ಬಾಟಲು ತೋರಿಸಿದೆ. ಅಂಗಡಿಯಾತ ಫೋನಿನಲ್ಲಿ ತೆಲುಗಿನಲ್ಲಿ ಮಾತನಾಡುತ್ತಲೇ, ನನ್ನ ಮುಖವನ್ನೂ ನೋಡದೆ, ಅದೇ ಹನಿಯ ಹೊಸ ಬಾಟಲನ್ನು ಗಾಜಿನ ಮೇಲಿಟ್ಟ.

"ಚೀಟಿ ಬೇಡವೇ?"

"ಚೀಟಿ ಕೇಳಿದ್ರೆ ಪಕ್ಕದಂಗಡಿಗೆ ಹೋಗ್ತಾರಮ್ಮ. ನಾನು ಬಾಗ್ಲು ಹಾಕ್ಕೊಂಡು ಮನೆಗೆ ಹೋಗ್ಲಾ?"

"ಇದರಿಂದ ಕಣ್ಣು ಹೋಗುತ್ತದೆಂದು ಗೊತ್ತೇ?"

"ಶೆಡ್ಡಿನೋರೆಲ್ಲ ಇದನ್ನೇ ಒಯ್ತಾರೆ. ಯಾರೂ ಬಂದು ಕೇಳಿಲ್ಲ."

ಕಣ್ಣು ಹೋದವರು ಎದ್ದು ಬಂದು ಕೇಳುವುದಾದರೂ ಹೇಗೆ? ಆ ಮಾತಿನಲ್ಲಿ ಇಡೀ ವ್ಯವಸ್ಥೆಯಿತ್ತು. ಒಬ್ಬ ನಿಯಮ ಮುರಿಯುವುದು ಇನ್ನೊಬ್ಬನೂ ಮುರಿಯುತ್ತಾನೆಂಬ ಭರವಸೆಯಿಂದ, ಇಬ್ಬರೂ ಮುರಿಯುವುದು ಯಾರೂ ಬಂದು ನೋಡುವುದಿಲ್ಲವೆಂಬ ಭರವಸೆಯಿಂದ.

ನಿಜವಾದ ಪರೀಕ್ಷೆ ಎದುರಾದದ್ದು ಶೆಡ್ಡಿನಲ್ಲಿ. ಹೊಸ ಹನಿಗೆ ಒಂದು ಗುಣವಿತ್ತು, ವೈದ್ಯೆ ಮೊದಲೇ ಎಚ್ಚರಿಸಿದ್ದರು: ಅದು ಕಣ್ಣನ್ನು ಕೊಂಚ ಕೆಂಪು ಮಾಡುತ್ತದೆ. ಹಾಳು ಮಾಡಿದ ಹನಿ ಕಣ್ಣನ್ನು ಬೆಳ್ಳಗೆ ಹೊಳೆಯಿಸುತ್ತಿತ್ತು; ಕಾಪಾಡುವ ಹನಿ ಕೆಂಪಗೆ ಕಾಣಿಸುತ್ತಿತ್ತು. ಈ ಹನಿ ನೋಟವನ್ನು ಒಂದು ಎಳೆಯಷ್ಟೂ ಹೆಚ್ಚಿಸುತ್ತಲೂ ಇರಲಿಲ್ಲ. ಏನೂ ಆಗದಿರುವುದೇ ಅದರ ಫಲ. ಕಣ್ಣಿಗೆ ಕಾಣದ ಆ ಫಲವನ್ನು ನಂಬಿ ದಿನವೂ ಹನಿ ಹಾಕುವುದು ಎಂಥ ಶ್ರದ್ಧೆಯ ಕೆಲಸವೆಂದು ನನಗೆ ಆಗಲೇ ಅರಿವಾದದ್ದು.

ಒಂದು ಬೆಳಗ್ಗೆ ನಾನು ಶೆಡ್ಡಿನ ಬಾಗಿಲಲ್ಲಿ ಕೂತಿದ್ದೆ. ಬಾಟಲು ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತಿತ್ತು. ಖಾಲಾ ಚಿಕ್ಕಮ್ಮನ ಕಣ್ಣು ನೋಡಿ, "ಅರೆ, ಮೆಣಸಿನಕಾಯಿ ಇದ್ದಂಗೆ ಐತಲ್ಲೇ! ದೊಡ್ಡಾಸ್ಪತ್ರೆ ಮದ್ದು ಕಣ್ಣು ಸುಟ್ಟಾಕ್ತು. ಒಂದು ಹನಿ ಹಾಕ್ಕೋ, ಸಂಜೀಗೆ ಹಾಲಿನಂಗಾಗ್ತದೆ" ಎಂದರು.

ಬಾಟಲು ಚಿಕ್ಕಮ್ಮನ ಕೈಗೆ ಬಂತು. ಅವಳ ಎಡಗಣ್ಣು ಉರಿಯುತ್ತಿತ್ತು, ಎಳೆಗಳು ಮಸುಕಾಗುತ್ತಿದ್ದವು, ಎಳೆ ಸಿಗದಿದ್ದರೆ ಕೆಲಸ ಉಳಿಯುವುದಿಲ್ಲ. ಅವಳು ಮುಚ್ಚಳ ತಿರುಗಿಸಿದಳು. ನಾನು ಎದ್ದು ನಿಂತೆ, ಬಾಗಿಲು ದಾಟಲಿಲ್ಲ. ಕಣ್ಣು ಅವಳದು, ಉರಿ ಅವಳದು. ಅವಳು ಬಾಟಲನ್ನು ನೋಡುತ್ತ ಇದ್ದಳು. ಆಮೇಲೆ ಮುಚ್ಚಳ ಬಿಗಿದು, ಬಾಟಲನ್ನು ಮುಷ್ಟಿಯಲ್ಲಿ ಹಿಡಿದು ಮುಷ್ಟಿಯನ್ನು ಮಡಿಲಿಗೆ ಇಟ್ಟುಕೊಂಡಳು.

"ಕೊಡೇ ಇಲ್ಲಿ" ಎಂದು ಖಾಲಾ ಕೈ ಚಾಚಿದರು.

"ಕೊಡಲ್ಲ ಖಾಲಾ."

ಸಾಲಿನಲ್ಲಿ ನೂಲು ಸುತ್ತುವ ಚಕ್ರಗಳು ಒಂದೊಂದಾಗಿ ನಿಂತವು.

"ಏನಮ್ಮಾ, ಕಲೆಕ್ಟರ್ ಆಗ್ಬಿಟ್ಯಾ? ನಿಂಗೆ ದೊಡ್ಡಾಸ್ಪತ್ರೆ ಮದ್ದು ಸಿಕ್ತು, ನಮಗೆ ಇದೂ ಬೇಡ್ವಾ?"

"ನನ್ನ ಬಲಗಣ್ಣು ತಿಂದಿದ್ದು ಇದೇ ಖಾಲಾ. ತಿಂದಿದ್ದನ್ನ ನನ್ನ ಕೈಯಿಂದಲೇ ನಿನಗೆ ಕೊಡು ಅಂತೀಯಲ್ಲ. ಹೆಂಗ್ ಕೊಡ್ಲಿ?" ಅವಳು ಖಾಲಾ ಕಡೆಗೆ ತಿರುಗಿದಳು. "ಒಂದು ಕಣ್ಣು ಮುಚ್ಕೊಂಡು ನನ್ನ ಮುಖ ನೋಡು. ಆಮೇಲೆ ಇನ್ನೊಂದು."

"ಇಷ್ಟು ವರ್ಷ ಎರಡು ಕಣ್ಣಲ್ಲಿ ನೋಡಿದ್ದೇ ಸಾಕಾಗಿದೆ ನಿನ್ ಮುಖ" ಎಂದು ಖಾಲಾ ಗೊಣಗಿದರು. ಆದರೂ ಒದ್ದೆ ಅಂಗೈಯನ್ನು ಒಂದು ಕಣ್ಣಿಗೆ ಅಡ್ಡ ಹಿಡಿದರು. ಆಮೇಲೆ ಇನ್ನೊಂದಕ್ಕೆ. ಅವರ ಆಚೆಗಿನವಳೂ ಹಿಡಿದಳು, ಅದರಾಚೆಗಿನವಳೂ. ಹಬೆಯ ನಡುವೆ ಒಂದು ಸಾಲು ಹೆಂಗಸರು, ಒಂದೊಂದು ಕಣ್ಣು ಮುಚ್ಚಿ, ಲೋಕವನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು.

ಖಾಲಾ ಎರಡು ದಿನ ಚಿಕ್ಕಮ್ಮನ ಜೊತೆ ಮಾತು ಬಿಟ್ಟರು. ಆಮೇಲೆ ತಾವಾಗಿಯೇ, "ಆ ಡಾಕ್ಟರಮ್ಮನ ಹತ್ರ ಯಾವಾಗ ಹೋಗೋದು?" ಎಂದರು. ಅವರ ಕಣ್ಣೊತ್ತಡವೂ ಏರಿತ್ತು. ಆದರೆ ನರ ಇನ್ನೂ ಕೆಟ್ಟಿರಲಿಲ್ಲ. ಹನಿಯನ್ನು ಹೇಗೆ ಬಿಡಬೇಕೆಂದು ವೈದ್ಯೆಯೇ ಹೇಳಿಕೊಟ್ಟು, ಮತ್ತೆ ಮತ್ತೆ ಬಂದು ತೋರಿಸಬೇಕೆಂದರು.

ಅದೇ ದಿನ ಚಿಕ್ಕಮ್ಮನ ಎಡಗಣ್ಣಿನ ಮರುಪರೀಕ್ಷೆಯಿತ್ತು. ಬಟ್ಟಲಿನಂಥ ಯಂತ್ರದೊಳಗೆ ನೋಟವಿಟ್ಟು, ಸುತ್ತ ಎಲ್ಲೆಲ್ಲೋ ಮಿನುಗುವ ಚುಕ್ಕೆಗಳು ಕಂಡಾಗಲೆಲ್ಲ ಗುಂಡಿಯೊತ್ತಬೇಕು. ಕತ್ತಲೆ ಕೋಣೆಯ ಹೊರಗೆ ಖಾಲಾ ಮತ್ತು ನಾನು ಕೂತಿದ್ದೆವು. ಒಳಗಿನಿಂದ ಗುಂಡಿಯ ಟಿಕ್ ಟಿಕ್ ಕೇಳುತ್ತಿತ್ತು. ಅದು ನಿಂತಾಗಲೆಲ್ಲ ಖಾಲಾ ನನ್ನ ಕೈ ಹಿಡಿಯುತ್ತಿದ್ದರು.

ವೈದ್ಯೆ ಹಳೆಯ ಚಿತ್ರವನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟರು. "ಒತ್ತಡ ಇಳಿದಿದೆ. ನೋಟ ಎಲ್ಲಿತ್ತೋ ಅಲ್ಲೇ ನಿಂತಿದೆ."

"ಒಂದಿಷ್ಟೂ ಹೋಗಿಲ್ವಾ?" ಎಂದಳು ಚಿಕ್ಕಮ್ಮ.

"ಒಂದಿಷ್ಟೂ ಹೋಗಿಲ್ಲ."

ಚಿಕ್ಕಮ್ಮ ಚಿತ್ರದ ಮೇಲೆ ಬಾಗಿ, ಕಪ್ಪು ಅಂಚುಗಳ ನಡುವೆ ಉಳಿದಿದ್ದ ಆ ಬೆಳ್ಳನೆಯ ಜಾಗವನ್ನು ಬಹಳ ಹೊತ್ತು ನೋಡಿದಳು. ಇಷ್ಟು ಜಾಗವನ್ನು ಪ್ರತಿ ಸಂಜೆಯ ಒಂದೊಂದು ಹನಿ ಹಿಡಿದು ನಿಲ್ಲಿಸಿತ್ತು.

ಆದರೆ ಅದೇ ಹಳೆಯ ಹನಿ ಸಾದಲಿಯ ಹುಳು ಸಾಕುವ ಮನೆಗಳಲ್ಲಿದೆ, ಕುಡುಮಲಕುಂಟೆಯ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವ ವೆಲ್ಡರುಗಳ ಜೇಬಿನಲ್ಲಿದೆ, ನಾನು ನೋಡಿದ್ದೇನೆ. ಆದ್ದರಿಂದ ಔಷಧ ನಿಯಂತ್ರಣದ ಅಧಿಕಾರಿಗಳೇ, ಈ ಜಿಲ್ಲೆಯ ಹೊಣೆ ಹೊತ್ತವರೇ, ನಿಮ್ಮನ್ನು ನೇರವಾಗಿ ಕೇಳುತ್ತೇನೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಯಾವ ಅಂಗಡಿಯಲ್ಲೂ ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಕಣ್ಣುಹನಿ ಮಾರದಂತೆ ಈ ತಿಂಗಳಿನಿಂದಲೇ ತಡೆಯಿರಿ. ಮಾರಿದ ಅಂಗಡಿಯ ಪರವಾನಗಿ ಹಿಂಪಡೆಯಿರಿ. ನೂಲು ಬಿಚ್ಚುವ ಪ್ರತಿಯೊಬ್ಬರ ಕಣ್ಣೊತ್ತಡವನ್ನು ವರ್ಷಕ್ಕೊಮ್ಮೆ, ಅವರ ದಿನಗೂಲಿ ಕಡಿಯದೆ, ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಅಂಗಳದಲ್ಲೇ ಪರೀಕ್ಷಿಸಿರಿ. ಮೊದಲ ಪರೀಕ್ಷೆ ಯಾವ ದಿನ ಎಂಬುದನ್ನು ನಮಗೆ ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಬರೆದು ತಿಳಿಸಿರಿ.